ನೀರಿನ ಮಟ್ಟವನ್ನರಿಯುವ ಸಣ್ಣ ಸಲಕರಣೆಯೂ ತಾಯಲೂರು ಸೀಮೆಯ ಬೇಸಾಯಗಾರರೂ

ಕೋಲಾರ ಜಿಲ್ಲೆಯಲ್ಲಿ ವರ್ಷವೆಲ್ಲವೂ ಹರಿಯತಕ್ಕ ನದಿಯೊಂದೂ ಇಲ್ಲವೆಂಬುದು ಸರ್ವರಿಗೂ ತಿಳಿದ ವಿಷಯವೇ ಸರಿ. ಪಾಲಾರು, ಪಿನಾಕಿನಿಗಳು ಮಳೆಗಾಲದ ಕೆಲವು ದಿವಸಗಳ ಹೊರತು ಮರಳಿನ ಹಾದಿಗಳಾಗಿಯೇ ಇರುತ್ತವೆ. ಆದಕಾರಣ ಪೂರ್ವಿಕರು ಈ ಸೀಮೆಯಲ್ಲಿ ಊರಿಗೊಂದರಂತೆ ಕೆರೆಗಳನ್ನು ಕಟ್ಟಿಸಿ, ಅವುಗಳ ತೂಬನ್ನು ತೆರೆಯುವುದಕ್ಕೂ ಮುಚ್ಚುವುದಕ್ಕೂ ನೀರುಗಂಟಿಯೆಂಬ ಗ್ರಾಮಸೇವಕನನ್ನು ಇಟ್ಟಿದ್ದರು. ಕೆರೆಯಲ್ಲಿ ನೀರೆಷ್ಟಿದೆ, ಯಾವ ಗದ್ದೆಗೆ ಎಷ್ಟು ಹೊತ್ತು ಬಿಡತಕ್ಕದ್ದು, ಯಾವಾಗ ನಿಲ್ಲಿಸತಕ್ಕದ್ದು ಎಂಬಿವೆಲ್ಲವೂ ಅವನ ಕಣ್ಣಳತೆಯಲ್ಲಿ ಇದ್ದುವು. ಕಪಿಲೆಯ ಬಾವಿಗಳಲ್ಲಿಯೂ ಹಾಗೆಯೇ. ಎತ್ತುಗಳ ಹಿಂದೆ ಮನುಷ್ಯನಿದ್ದನು. ಬಾವಿಯ ನೀರು ಇಳಿದರೆ ಕಪಿಲೆಯು ಅರ್ಧ ತುಂಬಿ ಮೇಲೆ ಬರುತ್ತಿದ್ದುದನ್ನು ಕಂಡು ಎತ್ತುಗಳನ್ನು ಬಿಚ್ಚುತ್ತಿದ್ದನು.

ಈಗಿನ ಸ್ಥಿತಿಯು ಬೇರೆ. ಮುಳಬಾಗಿಲು ತಾಲ್ಲೂಕಿನ ತಾಯಲೂರು ಹೋಬಳಿಯಲ್ಲಿ ಟೊಮ್ಯಾಟೊ, ಹಿಪ್ಪುನೇರಳೆ, ತರಕಾರಿ ಮುಂತಾದ ಬೆಳೆಗಳೆಲ್ಲವೂ ಬಹುಮಟ್ಟಿಗೆ ಕೊಳವೆ ಬಾವಿಗಳನ್ನೇ ಅವಲಂಬಿಸಿವೆ. ಈ ಜಿಲ್ಲೆಯಲ್ಲಿ ಸಾವಿರ ಅಡಿಗಳಿಗೂ ಕೆಳಗೆ ಕೊರೆಯಿಸಿದ ಬಾವಿಗಳು ಅಪರೂಪವಲ್ಲ. ಮುಳಬಾಗಿಲು ತಾಲ್ಲೂಕು ಅಂತರ್ಜಲವನ್ನು ಮಿತಿಮೀರಿ ತೆಗೆಯುತ್ತಿರುವ ತಾಲ್ಲೂಕುಗಳ ಪೈಕಿ ಸೇರಿದುದೆಂದು ಕೇಂದ್ರ ಅಂತರ್ಜಲ ಮಂಡಳಿಯವರ ಗಣನೆಗಳು ತೋರಿಸುತ್ತವೆ. ಕೊಳವೆ ಬಾವಿಯ ನೀರು ಯಾರ ಕಣ್ಣಿಗೂ ಬೀಳತಕ್ಕದ್ದಲ್ಲ. ಮೋಟಾರಿನ ಬಳಿ ಮನುಷ್ಯನೂ ಇರುವುದಿಲ್ಲ. ಹತ್ತು ಕುದುರೆಶಕ್ತಿಯವರೆಗಿನ ಪಂಪುಗಳಿಗೆ 2008 ರಿಂದ ವಿದ್ಯುಚ್ಛಕ್ತಿಯು ಉಚಿತವಾಗಿದ್ದು, ಮೂರು ಫೇಸಿನ ಕರೆಂಟು ದಿನಕ್ಕೆ ಸುಮಾರು ಏಳು ಗಂಟೆಗಳ ಕಾಲ ಸರದಿಯ ಮೇಲೆ ಬರುತ್ತದೆ. ಸರದಿಯು ರಾತ್ರಿಗೆ ಬಿದ್ದಾಗ ಬೇಸಾಯಗಾರನು ಸರಿರಾತ್ರಿಯಲ್ಲಿ ಎದ್ದು, ಹಾವು ಹುಳುಗಳ ಭಯವನ್ನೂ ಲಕ್ಷಿಸದೆ ಹೊಲಕ್ಕೆ ಹೋಗಬೇಕು. ಇಲ್ಲವೆ ಕರೆಂಟು ಬಂದೊಡನೆ ತಾನಾಗಿ ಮೋಟಾರನ್ನು ಹೊರಡಿಸುವ ಆಟೋ ಸ್ಟಾರ್ಟರನ್ನು ಕೂಡಿಸಿ ಮಲಗಬೇಕು. ಬಹುಜನರು ಎರಡನೆಯದನ್ನೇ ಆರಿಸಿಕೊಂಡಿರುವರು. ಇದಕ್ಕಾಗಿ ಅವರನ್ನು ದೂಷಿಸುವುದು ನ್ಯಾಯವಲ್ಲ.

ಆದರೆ ಹೊರಡಿಸುವುದಕ್ಕೆ ಯಂತ್ರವನ್ನಿಟ್ಟು ನಿಲ್ಲಿಸುವುದಕ್ಕೆ ಏನನ್ನೂ ಇಡದಿರುವುದು ವಿಚಾರಮಾಡತಕ್ಕ ಸಂಗತಿ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಗಂಟೆಗೆ ಸಾವಿರ ಗ್ಯಾಲನ್, ಎಂದರೆ ಸುಮಾರು 4,500 ಲೀಟರು ನೀರು ಕೊಡುವ ಕೊಳವೆ ಬಾವಿಯೂ, 20,000 ಲೀಟರು ಹಿಡಿಯುವ ತೊಟ್ಟಿಯೂ ಒಬ್ಬ ಬೇಸಾಯಗಾರನಿಗೆ ಇವೆಯೆಂದು ಭಾವಿಸೋಣ. ಬರಿದಾದ ತೊಟ್ಟಿಯು ಸುಮಾರು ನಾಲ್ಕೂವರೆ ಗಂಟೆಗಳಲ್ಲಿ ತುಂಬುತ್ತದೆ. ಮಿಕ್ಕ ಎರಡೂವರೆ ಗಂಟೆಗಳಲ್ಲಿ ಹನ್ನೊಂದು ಸಾವಿರ ಲೀಟರಿಗೂ ಹೆಚ್ಚು ನೀರು ತೊಟ್ಟಿಯ ಅಂಚನ್ನು ಮೀರಿ ಹರಿಯುವುದು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಸುಮಾರು 4,050 ಲೀಟರು. ಆದುದರಿಂದ ಒಂದು ರಾತ್ರಿಯಲ್ಲಿ ಚೆಲ್ಲಿದ ನೀರು ಒಂದು ಎಕರೆಗೆ ಹೆಚ್ಚುಕಡಮೆ ಮೂರು ಮಿಲಿಮೀಟರ್ ಮಳೆಗೆ ಸಮಾನವಾಯಿತು. ಹನಿ ನೀರಾವರಿಯಿಂದ ಟೊಮ್ಯಾಟೊ ಬೆಳೆಯುವವನಿಗೆ ಇದು ಅಲ್ಪವಲ್ಲ. ಹತ್ತು ಕುದುರೆಶಕ್ತಿಯ ಮೋಟಾರು ಗಂಟೆಗೆ ಏಳೂವರೆ ಯೂನಿಟ್ಟಿಗೆ ಕಡಮೆಯಿಲ್ಲದೆ ವಿದ್ಯುತ್ತನ್ನು ನುಂಗುವುದರಿಂದ ಹದಿನೆಂಟು ಹತ್ತೊಂಬತ್ತು ಯೂನಿಟ್ಟುಗಳೂ ಅದರ ಜೊತೆಗೆ ಹೋದುವು.

ಹೀಗೆ ಹರಿದ ನೀರು ಮರಳಿ ಭೂಮಿಯನ್ನೇ ಸೇರುವುದಲ್ಲವೇ ಎಂದು ಕೆಲವರು ಕೇಳುವುದುಂಟು. ಸೇರುವುದಾದರೆ ಸಂತೋಷವೇ. ಆದರೆ ಈ ಸೀಮೆಯ ಕೆಳಗಿರುವುದು ಗಟ್ಟಿಯಾದ ಕಲ್ಲು. ನೀರು ನಿಂತಿರುವುದು ಅದರ ಬಿರುಕುಗಳಲ್ಲಿ. ತೊಟ್ಟಿಯ ಪಕ್ಕದಲ್ಲಿ ಕೆಸರಾಗಿ ನಿಂತ ನೀರಿನ ಬಹುಭಾಗವು ಬಿಸಿಲಿಗೆ ಆರಿ ಹೋಗುವುದು, ಇಲ್ಲವೆ ಹುಲ್ಲು ಕಳೆಗಳನ್ನು ಬೆಳೆಸುವುದು. ಎಂಟು ನೂರು ಅಡಿಯ ಆಳದಿಂದ ಎತ್ತಿದುದನ್ನು ಒಂದು ಗೇಣು ಮಣ್ಣಿಗೆ ಸುರಿದು, ಎಲ್ಲಿಂದ ತಂದೆವೋ ಅಲ್ಲಿಗೇ ಸೇರಿತೆನ್ನುವುದು ಲೆಕ್ಕಕ್ಕೆ ನಿಲ್ಲತಕ್ಕ ಮಾತಲ್ಲ.

ತುಂಬಿದೊಡನೆ ಮೋಟಾರನ್ನು ನಿಲ್ಲಿಸುವ ಸಲಕರಣೆಗಳು ಪೇಟೆಯಲ್ಲಿ ಮುಚ್ಚಿದ ಪೆಟ್ಟಿಗೆಗಳಾಗಿ ದೊರೆಯುತ್ತವೆ. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಪೆಟ್ಟಿಗೆ ಕೆಟ್ಟರೆ ಅದರೊಳಗೆ ಏನಿದೆಯೆಂಬುದು ಕೊಂಡವನಿಗೂ ತಿಳಿಯದು, ಅನೇಕ ವೇಳೆ ಮಾರಿದವನಿಗೂ ತಿಳಿಯದು. ಕೆಟ್ಟ ಪೆಟ್ಟಿಗೆಯನ್ನು ತೆಗೆದುಹಾಕಿ ತಂತಿಗಳನ್ನು ನೇರವಾಗಿ ಕೂಡಿಸಿಬಿಡುವುದೇ ರೂಢಿಯಾಗಿದೆ. ಇದಕ್ಕೆ ಬದಲಾಗಿ ಎರಡು ಟ್ರಾನ್ಸಿಸ್ಟರುಗಳೂ ಒಂದು ರಿಲೇಯೂ ಉಳ್ಳ ಸರಳವಾದ ಸಲಕರಣೆಯನ್ನು ಹೋಬಳಿಯ ತರುಣರೇ ಕಟ್ಟಿಕೊಡುವಂತಾದರೆ, ಕೆಟ್ಟದ್ದನ್ನು ಸರಿಪಡಿಸುವ ಕೈಯೂ ಊರಿನಲ್ಲೇ ಇರುವುದು. ಇದಕ್ಕೆ ಬೇಕಾದ ಸಾಮಾನುಗಳೆಲ್ಲವೂ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗಳಿಗೆ ದೊರೆಯತಕ್ಕವು.

ಇದರ ತತ್ತ್ವವು ಕಠಿಣವಲ್ಲ. ಬಾವಿಯ ನೀರಿನಲ್ಲಿ ಉಪ್ಪು ಸುಣ್ಣಗಳು ಕರಗಿರುವುದರಿಂದ ಅದು ವಿದ್ಯುತ್ತನ್ನು ಸ್ವಲ್ಪಮಟ್ಟಿಗೆ ಹಾಯಗೊಡುತ್ತದೆ. ತೊಟ್ಟಿಯ ಮೇಲ್ಭಾಗದಲ್ಲಿ ಒಂದಂಗುಲದ ಅಂತರದಲ್ಲಿ ತುಕ್ಕು ಹಿಡಿಯದ ಉಕ್ಕಿನ ಎರಡು ಕಡ್ಡಿಗಳನ್ನು ತೂಗುಬಿಟ್ಟರೆ, ನೀರು ಅವನ್ನು ಮುಟ್ಟಿದಾಗ ಕಡ್ಡಿಗಳ ನಡುವೆ ಅತ್ಯಲ್ಪವಾದ ಕರೆಂಟು ಹರಿಯುವುದು. ಆ ಕರೆಂಟು ರಿಲೇಯನ್ನು ಎಳೆಯಲು ಸಾಲದು. 12 ವೋಲ್ಟಿನ ಸಣ್ಣ ರಿಲೇಗೆ ಮೂವತ್ತು ನಲವತ್ತು ಮಿಲಿ ಆಂಪಿಯರುಗಳು ಬೇಕು. ಅಲ್ಪವಾದುದನ್ನು ಅಧಿಕಗೊಳಿಸುವ ಕೆಲಸವೇ ಟ್ರಾನ್ಸಿಸ್ಟರಿನದು. ಈ ಸಾಧನವನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1947 ನೆಯ ಇಸವಿಯ ಡಿಸೆಂಬರಿನಲ್ಲಿ ಕಂಡುಹಿಡಿದರು. ಅದಕ್ಕಾಗಿ ಬಾರ್ಡೀನ್, ಬ್ರಾಟೈನ್, ಶಾಕ್ಲಿ ಎಂಬ ಮೂವರಿಗೆ 1956 ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಕೈಗಡಿಯಾರದಿಂದ ಹಿಡಿದು ಗಗನನೌಕೆಯವರೆಗೆ ಕೆಲಸಮಾಡುವ ಈ ಸಾಧನಕ್ಕೆ ನೀರಿನ ತೊಟ್ಟಿಯನ್ನು ಕಾಯುವುದು ದೊಡ್ಡ ಕಾರ್ಯವೇನೂ ಅಲ್ಲ.

ಬಿ.ಸಿ. 547 ಎಂಬ ಗುರುತಿನ ಎರಡು ಟ್ರಾನ್ಸಿಸ್ಟರುಗಳನ್ನು ಡಾರ್ಲಿಂಗ್ಟನ್ ಎಂಬವರ ಹೆಸರಿನಿಂದ ಪ್ರಸಿದ್ಧವಾದ ರೀತಿಯಲ್ಲಿ ಜೋಡಿಸತಕ್ಕದ್ದು. ಮೊದಲನೆಯದರ ಎಮಿಟರನ್ನು ಎರಡನೆಯದರ ಬೇಸಿಗೆ ಕೂಡಿಸಿ, ಎರಡರ ಕಲೆಕ್ಟರುಗಳನ್ನೂ ಒಂದುಗೂಡಿಸಬೇಕು. ಎರಡನೆಯದರ ಎಮಿಟರು 12 ವೋಲ್ಟಿನ ಋಣ ತಂತಿಗೆ ಸೇರುವುದು. ಧನ ತಂತಿಗೂ ಕಲೆಕ್ಟರುಗಳಿಗೂ ನಡುವೆ ರಿಲೇಯ ಸುರುಳಿಯನ್ನು ಇಡಬೇಕು. ತೊಟ್ಟಿಯ ಕಡ್ಡಿಗಳಲ್ಲಿ ಒಂದು ಧನ ತಂತಿಗೂ, ಇನ್ನೊಂದು 47,000 ಓಮಿನ ರೆಸಿಸ್ಟರಿನ ಮೂಲಕ ಮೊದಲನೆಯ ಟ್ರಾನ್ಸಿಸ್ಟರಿನ ಬೇಸಿಗೂ ಹೋಗುವುವು. ಆ ಬೇಸಿನಿಂದ ಋಣ ತಂತಿಗೆ ಒಂದು ಲಕ್ಷ ಓಮಿನ ಮತ್ತೊಂದು ರೆಸಿಸ್ಟರನ್ನೂ, ಅದರ ಪಕ್ಕದಲ್ಲಿ 10 ಮೈಕ್ರೋಫ್ಯಾರಡಿನ ಕೆಪಾಸಿಟರನ್ನೂ ಕೂಡಿಸತಕ್ಕದ್ದು. ಜೋಡಿಯು ಎಚ್ಚರಗೊಳ್ಳಲು ಬೇಸಿನಲ್ಲಿ ಸುಮಾರು 1.3 ವೋಲ್ಟು ಬೇಕಾಗುವುದರಿಂದ, ಕಡ್ಡಿಗಳ ದಾರಿಯ ಒಟ್ಟು ತಡೆಯು ಎಂಟು ಲಕ್ಷ ಓಮಿಗೆ ಮೀರಿದರೆ ರಿಲೇಯು ಅಲುಗದು. ಬಾವಿಯ ನೀರಿನ ತಡೆಯು ಕೆಲವು ಸಾವಿರದಿಂದ ಕೆಲವು ಹತ್ತು ಸಾವಿರ ಓಮುಗಳೊಳಗೇ ಇರುವ ಕಾರಣ, ನೀರು ಮುಟ್ಟಿದರೆ ಅದು ತಪ್ಪದೆ ಕೆಲಸಮಾಡುವುದು. ಮಂಜಿನ ತೇವಕ್ಕೆ ಮೋಸಹೋಗಲಾರದು. ಕಡ್ಡಿಗಳಲ್ಲಿ ಹರಿಯುವ ಕರೆಂಟು ಯಾವ ಕಾಲಕ್ಕೂ ಕಾಲು ಮಿಲಿ ಆಂಪಿಯರನ್ನು ಮುಟ್ಟುವುದಿಲ್ಲವಾದ್ದರಿಂದ ತೊಟ್ಟಿಗೆ ಕೈಯಿಟ್ಟವನಿಗೂ ಬಾಯಿಟ್ಟ ದನಕ್ಕೂ ಇದರಿಂದ ಬಾಧೆಯಿಲ್ಲ. ಆದರೆ 12 ವೋಲ್ಟನ್ನು ಕೊಡುವ ಅಡಾಪ್ಟರು ಟ್ರಾನ್ಸ್‌ಫಾರ್ಮರಿನಿಂದ ಮೇನ್ಸಿನ ಸಂಪರ್ಕವನ್ನು ಪೂರ್ತಿಯಾಗಿ ಬೇರ್ಪಡಿಸಿದ್ದಾಗಿರಬೇಕು. ಈ ಒಂದು ಸಾಮಾನಿನಲ್ಲಿ ಅಗ್ಗವನ್ನು ನೋಡತಕ್ಕದ್ದಲ್ಲ. ಇದು ಕಳಪೆಯಾದರೆ ಮೇಲೆ ಹೇಳಿದ ಅಭಯವೆಲ್ಲವೂ ಸುಳ್ಳಾಗುವುದು.

ರಿಲೇಯ ಸುರುಳಿಗೆ ಅಡ್ಡಲಾಗಿ 1 ಎನ್ 4007 ಎಂಬ ಡಯೋಡನ್ನು, ಅದರ ಬಿಳಿಯ ಪಟ್ಟಿಯು ಧನ ತಂತಿಯ ಕಡೆಗೆ ಇರುವಂತೆ, ಕೂಡಿಸಲು ಮರೆಯಬಾರದು. ಸುರುಳಿಯಲ್ಲಿ ಹರಿಯುತ್ತಿದ್ದ ಕರೆಂಟು ಥಟ್ಟನೆ ಕಡಿದಾಗ ಅದರಲ್ಲಿ ಹುಟ್ಟುವ ಹೆಚ್ಚು ವೋಲ್ಟು ಟ್ರಾನ್ಸಿಸ್ಟರನ್ನು ಕೊಲ್ಲುವುದು. ಹೊಸಬರು ಕಟ್ಟಿದ ಸಲಕರಣೆಯು ಮೊದಲ ದಿನ ನಡೆದು ಮರುದಿನ ಸುಮ್ಮನಾಗುವುದಕ್ಕೆ ಬಹುಶಃ ಈ ಡಯೋಡಿಲ್ಲದಿರುವುದೇ ಕಾರಣವಾಗಿರುತ್ತದೆ.

ಇನ್ನು ಸ್ಟಾರ್ಟರಿಗೆ ಕೂಡಿಸುವ ವಿಷಯ. ಅಭಿಪ್ರಾಯಭೇದಕ್ಕೆ ಎಡೆಯಿರುವುದು ಇಲ್ಲಿಯೇ. ನೀರು ಇಳಿದರೆ ಹೊರಡುವಂತೆಯೂ ತುಂಬಿದರೆ ನಿಲ್ಲುವಂತೆಯೂ ಎರಡು ಕೆಲಸಗಳನ್ನೂ ಸಲಕರಣೆಗೇ ವಹಿಸಬೇಕೆಂಬುದು ಅಂಗಡಿಯವರ ಮತ. ಪಟ್ಟಣದ ಮನೆಯ ಮಾಳಿಗೆಯ ತೊಟ್ಟಿಗೆ ಇದು ಒಪ್ಪಬಹುದು. ತಾಯಲೂರು ಸೀಮೆಯ ಹೊಲಗಳಿಗೆ ಇದು ಒಪ್ಪತಕ್ಕದ್ದಲ್ಲ. ಹೊರಡಿಸುವ ಅಧಿಕಾರವನ್ನೂ ಯಂತ್ರಕ್ಕೆ ಕೊಟ್ಟರೆ, ತೊಟ್ಟಿಯಿಂದ ಹನಿ ಕೊಳವೆಗಳಿಗೆ ನೀರು ಇಳಿದಷ್ಟೂ ಬಾವಿಯಿಂದ ನೀರು ಏರುತ್ತಲೇ ಇರುವುದು. ಕರೆಂಟಿರುವ ಗಳಿಗೆಯೆಲ್ಲವೂ ಪಂಪು ನಡೆಯುವ ಗಳಿಗೆಯೇ ಆಗುವುದು. ಚೆಲ್ಲುವ ನೀರನ್ನು ಉಳಿಸಲೆಂದು ಇಟ್ಟ ಸಲಕರಣೆಯು ಎತ್ತುವ ನೀರನ್ನು ಹೆಚ್ಚಿಸಿತೆಂದಾದರೆ, ಒಡೆಯನಿಗೆ ನಿದ್ರೆಯೊಂದು ಲಾಭವಾದೀತೇ ಹೊರತು ಬಾವಿಗೆ ಏನೂ ಲಾಭವಿಲ್ಲ. ಇದಲ್ಲದೆ, ಪಂಪಿನ ಬಳಿ ಕೈಯಾಡಿಸುತ್ತಿರುವವನಿಗೆ ಅರಿವಿಲ್ಲದೆ ತಾನಾಗಿ ಹೊರಡುವ ಯಂತ್ರವು ಅಪಾಯಕರವಾದುದು.

ಆದ್ದರಿಂದ ನಿಲ್ಲಿಸುವುದು ಸಲಕರಣೆಯ ಕೆಲಸವಾಗಿಯೂ ಹೊರಡಿಸುವುದು ಮನುಷ್ಯನ ಕೆಲಸವಾಗಿಯೂ ಇರಬೇಕು. ಸಾಮಾನ್ಯವಾದ ಸ್ಟಾರ್ಟರಿನ ಕಟ್ಟಡವೇ ಇದಕ್ಕೆ ಅನುಕೂಲವಾಗಿದೆ. ಅದರಲ್ಲಿ ಹಸುರು ಗುಂಡಿಯನ್ನು ಒಮ್ಮೆ ಒತ್ತಿದರೆ ಕಾಂಟ್ಯಾಕ್ಟರು ತನ್ನನ್ನು ತಾನೇ ಹಿಡಿದುಕೊಳ್ಳುವುದು. ಕೆಂಪು ಗುಂಡಿಯ ದಾರಿಯು ಒಂದು ಕ್ಷಣ ಕಡಿದರೂ ಬಿಟ್ಟುಬಿಡುವುದು. ರಿಲೇಯ ಸಾಧಾರಣವಾಗಿ ಮುಚ್ಚಿರುವ ಸಂಪರ್ಕವನ್ನು ಕೆಂಪು ಗುಂಡಿಯ ದಾರಿಯಲ್ಲಿ ಸಾಲಾಗಿ ಕೂಡಿಸಿದರೆ, ತೊಟ್ಟಿ ತುಂಬಿದೊಡನೆ ದಾರಿಯು ಕಡಿದು ಮೋಟಾರು ನಿಲ್ಲುವುದು. ಅನಂತರ ನೀರು ಇಳಿದರೂ, ಅಲೆಗಳಿಂದ ರಿಲೇಯು ಬಡಿದುಕೊಂಡರೂ, ಹಸುರು ಗುಂಡಿಯನ್ನು ಯಾರಾದರೂ ಒತ್ತುವವರೆಗೆ ಮೋಟಾರು ಏಳದು. ಮೇಲಣ ಮಟ್ಟಕ್ಕೊಂದು ಕೆಳಗಣ ಮಟ್ಟಕ್ಕೊಂದು ಎಂದು ಹೆಚ್ಚು ಕಡ್ಡಿಗಳನ್ನಿಡುವ ತೊಡಕೂ ಇದರಿಂದ ತಪ್ಪುತ್ತದೆ.

ಆಟೋ ಸ್ಟಾರ್ಟರು ಇರುವಲ್ಲಿ ಇಷ್ಟು ಸಾಲದು. ನೀರು ಒಂದಂಗುಲ ಇಳಿದ ಕೂಡಲೆ ಅದು ಮತ್ತೆ ಮೋಟಾರನ್ನು ಎಬ್ಬಿಸುವುದು. ಪದೇ ಪದೇ ಎದ್ದು ನಿಂತು ಮೋಟಾರು ಕೆಡುವುದು. ಅಂಥಲ್ಲಿ ಎರಡು ಜೊತೆ ಸಂಪರ್ಕಗಳುಳ್ಳ ರಿಲೇಯನ್ನು ತಂದು, ಎರಡನೆಯ ಜೊತೆಯಲ್ಲಿ ಸಾಧಾರಣವಾಗಿ ತೆರೆದಿರುವುದನ್ನು ಟ್ರಾನ್ಸಿಸ್ಟರುಗಳ ಕಲೆಕ್ಟರಿಗೂ ಋಣ ತಂತಿಗೂ ಅಡ್ಡಲಾಗಿ ಕೂಡಿಸಬೇಕು. ಒಮ್ಮೆ ತುಂಬಿದರೆ ರಿಲೇಯು ತನ್ನನ್ನು ತಾನೇ ಹಿಡಿದುಕೊಂಡು, 12 ವೋಲ್ಟಿನ ತಂತಿಯಲ್ಲಿಟ್ಟ ಸಣ್ಣ ಗುಂಡಿಯಿಂದ ಅದನ್ನು ಬಿಡಿಸುವವರೆಗೂ ಮೋಟಾರಿಗೆ ಎಡೆಗೊಡದು. ಹೀಗೆ ಮಾಡಿದರೆ ಬೇಸಾಯಗಾರನು ರಾತ್ರಿ ಏಳಬೇಕಾದುದಿಲ್ಲ. ಬೆಳಿಗ್ಗೆ ಬಂದು, ತೊಟ್ಟಿಯನ್ನೂ ಬೆಳೆಯನ್ನೂ ನೋಡಿ, ಬೇಕೆನಿಸಿದರೆ ಗುಂಡಿಯನ್ನು ಒತ್ತುವನು. ಬೇಡವೆನಿಸಿದ ದಿನ ಬಾವಿಗೂ ವಿರಾಮವುಂಟು.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಮೂರು ಫೇಸಿನ ಸ್ಟಾರ್ಟರುಗಳ ಕಾಂಟ್ಯಾಕ್ಟರಿನ ಸುರುಳಿಯು ಸಾಮಾನ್ಯವಾಗಿ 415 ವೋಲ್ಟಿನದು. ಸಣ್ಣ ರಿಲೇಯ ಮೇಲೆ ಬರೆದಿರುವುದು 250 ವೋಲ್ಟು. ಇವೆರಡನ್ನೂ ನೇರವಾಗಿ ಕೂಡಿಸಕೂಡದು. ನಡುವೆ ತಕ್ಕ ಮಾನದ ದೊಡ್ಡ ರಿಲೇಯನ್ನಾಗಲಿ ಕಾಂಟ್ಯಾಕ್ಟರನ್ನಾಗಲಿ ಇಟ್ಟು, ಸಣ್ಣದು ದೊಡ್ಡದನ್ನೂ ದೊಡ್ಡದು ಸ್ಟಾರ್ಟರನ್ನೂ ಆಳುವಂತೆ ಏರ್ಪಡಿಸತಕ್ಕದ್ದು. 12 ವೋಲ್ಟಿನ ಭಾಗವನ್ನು ಪ್ರೌಢಶಾಲೆಯ ಹುಡುಗನೂ ಕಟ್ಟಬಹುದು. ಸ್ಟಾರ್ಟರಿನ ಮುಚ್ಚಳವನ್ನು ಮಾತ್ರ ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರನೇ, ಫ್ಯೂಸುಗಳನ್ನು ಕಿತ್ತ ಮೇಲೆ, ತೆಗೆಯಬೇಕು.

ಕೊಳವೆ ಬಾವಿಯೊಳಗೇ ಕಡ್ಡಿಗಳನ್ನು ಇಳಿಬಿಟ್ಟು ನೀರು ಬತ್ತಿದಾಗ ಮೋಟಾರನ್ನು ನಿಲ್ಲಿಸಲಾಗದೇ ಎಂಬ ಪ್ರಶ್ನೆಯೂ ಸಹಜವೇ. ನೀರಿಲ್ಲದೆ ತಿರುಗಿದ ಮೋಟಾರು ಸುಟ್ಟು, ಕೊಳವೆಗಳನ್ನೆಲ್ಲ ಮೇಲೆತ್ತಿಸಿ, ಸುರುಳಿ ಸುತ್ತಿಸುವ ಹೊತ್ತಿಗೆ ಹಲವು ಸಾವಿರ ರೂಪಾಯಿಗಳು ಕೈಬಿಡುವುವು. ಟೊಮ್ಯಾಟೊ ಕಾಯಿ ಕಟ್ಟುವ ಕಾಲದಲ್ಲಿ ಆ ಕೆಲವು ದಿನಗಳ ತಡವು ಬೆಳೆಗೇ ಮುಳುವಾಗುವುದುಂಟು. ಆದಾಗ್ಯೂ ಸಾವಿರ ಅಡಿಯ ಬಾವಿಗೆ ಈ ವಿಧಾನವು ತಕ್ಕದ್ದಲ್ಲ. ಮೋಟಾರಿನ ಕೇಬಲಿನ ಪಕ್ಕದಲ್ಲೇ ಅಷ್ಟುದ್ದ ಇಳಿಯುವ ಸಣ್ಣ ತಂತಿಯಲ್ಲಿ ಸಲ್ಲದ ಕರೆಂಟು ಹುಟ್ಟುವುದಲ್ಲದೆ, ಕೇಬಲಿನ ಹೊದಿಕೆ ಹರಿದರೆ 415 ವೋಲ್ಟು ಮೇಲಕ್ಕೆ ಬರುವ ಭಯವೂ ಇದೆ. ಅದಕ್ಕಿಂತ ನೀರು ಬೀಳುವ ಬಾಯಲ್ಲಿ ತಳಕ್ಕೆ ಸಣ್ಣ ತೂತುಳ್ಳ ಒಂದು ಡಬ್ಬಿಯನ್ನು ಕಟ್ಟಿ, ಕಡ್ಡಿಗಳನ್ನು ಅದರಲ್ಲಿ ಇಡುವುದು ಮೇಲು. ನೀರು ಬರುತ್ತಿರುವವರೆಗೆ ಡಬ್ಬಿಯು ತುಂಬಿರುವುದು. ನೀರು ನಿಂತರೆ ತೂತಿನಿಂದ ಸೋರಿ ಕಡ್ಡಿಗಳು ಬರಿದಾಗುವುವು. ಇಲ್ಲಿ ಮಾತ್ರ ರಿಲೇಯ ಸಾಧಾರಣವಾಗಿ ತೆರೆದಿರುವ ಸಂಪರ್ಕವನ್ನು ಉಪಯೋಗಿಸಬೇಕು. ಆಗ ತಂತಿ ಹರಿದರೂ, ಸಲಕರಣೆ ಕೆಟ್ಟರೂ ಮೋಟಾರು ನಿಲ್ಲುವುದೇ ಹೊರತು ಸುಡುವುದಿಲ್ಲ. ನೀರು ಮೇಲಕ್ಕೆ ಬರುವವರೆಗಿನ ಒಂದೆರಡು ನಿಮಿಷಗಳಿಗೆ ಕಾಲವನ್ನೆಣಿಸುವ ಟೈಮರ್ ರಿಲೇಯೊಂದು ಬೇಕಾಗುವುದು. ಮೋಟಾರು ಎಳೆಯುವ ಕರೆಂಟು ಇಳಿದುದನ್ನು ನೋಡಿ ನಿಲ್ಲಿಸುವ ಪೇಟೆಯ ಸಲಕರಣೆಯನ್ನು ಈ ಒಂದು ಕೆಲಸಕ್ಕೆ ಕೊಳ್ಳುವವರನ್ನು ತಡೆಯಬೇಕಾಗಿಲ್ಲ; ಅದೂ ಒಳ್ಳೆಯದೇ.

ನೀರು ತನ್ನ ಮಟ್ಟದಿಂದ ತನ್ನನ್ನೇ ಆಳುವಂತೆ ಮಾಡುವ ಯೋಚನೆಯು ಈ ಸೀಮೆಗೆ ಪರಕೀಯವಲ್ಲ. 2007 ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು, ನೀರು ಏರಿದಾಗ ತಾವಾಗಿ ತೆರೆದು ಇಳಿದಾಗ ತಾವಾಗಿ ಮುಚ್ಚುವ ಬಾಗಿಲುಗಳನ್ನು ರಚಿಸಿದರು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ 1903 ರಲ್ಲಿ ಅವನ್ನು ಮೊದಲು ಹೂಡಲಾಯಿತು. ಇದೇ ಜಿಲ್ಲೆಯ ಚಿನ್ನದ ಗಣಿಗಳಿಗೆ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯು ಬಂದುದು ಅದಕ್ಕೆ ಹಿಂದಿನ ವರ್ಷ, 1902 ರಲ್ಲಿ. ಆದರೂ ಹೊಲದ ತೊಟ್ಟಿಯು ರಾತ್ರಿಯೆಲ್ಲ ಚೆಲ್ಲುತ್ತಿರುವುದು ವಿಪರೀತವಾಗಿ ತೋರುತ್ತದೆ.

ಈ ವಿಷಯದಲ್ಲಿ ಮಾಡಬಹುದಾದುದು ಇಷ್ಟು. ಪ್ರೌಢಶಾಲೆಯ ವಿಜ್ಞಾನದ ಉಪಾಧ್ಯಾಯರೂ ಕೈಗಾರಿಕಾ ತರಬೇತಿ ಶಾಲೆಯ ವಿದ್ಯಾರ್ಥಿಗಳೂ ಊರಿಗೊಂದು ತೊಟ್ಟಿಯಲ್ಲಿ ಇದನ್ನು ಕಟ್ಟಿ ತೋರಿಸಬಹುದು. ಹನಿ ನೀರಾವರಿಗೆ ಸಹಾಯಧನವನ್ನು ಮಂಜೂರು ಮಾಡುವ ಅಧಿಕಾರಿಗಳು ತೊಟ್ಟಿಯ ಅಂಚಿನಲ್ಲಿ ಮೋಟಾರನ್ನು ನಿಲ್ಲಿಸುವ ಏರ್ಪಾಡು ಇದೆಯೇ ಎಂದು ಕೇಳುವುದು ಯುಕ್ತವಾಗಿದೆ. ತೊಟ್ಟಿಯಿಂದ ಕೆಳಗೆ ಹನಿಹನಿಯನ್ನೂ ಲೆಕ್ಕವಿಟ್ಟು, ತೊಟ್ಟಿಯ ಮೇಲೆ ಹರಿದುದನ್ನು ಕೇಳದಿರುವುದು ಅರೆಗೆಲಸವೇ ಸರಿ. ಗಡಿನಾಡಾದ ತಾಯಲೂರು ಕಡೆಯಲ್ಲಿ ತೆಲುಗು ಮಾತಾಡುವ ಮನೆಗಳೂ ಅನೇಕವಾಗಿರುವುದರಿಂದ ತಿಳಿವಳಿಕೆಯ ಹಾಳೆಗಳು ಎರಡು ಭಾಷೆಗಳಲ್ಲಿಯೂ ಇದ್ದರೆ ಹೆಚ್ಚು ಜನರಿಗೆ ತಲುಪುವುವು.

ಕಟ್ಟಿದ ಮೇಲೆ ನೋಡಿಕೊಳ್ಳುವ ಕೆಲಸವು ಸ್ವಲ್ಪವೇ. ಈ ಕಡೆಯ ಗಡಸು ನೀರಿನಲ್ಲಿ ಋಣ ಕಡ್ಡಿಗೆ ಸುಣ್ಣದ ಹೆಪ್ಪು ಕಟ್ಟುವುದು. ಧನ ಕಡ್ಡಿಯು ಕ್ರಮೇಣ ಸವೆಯುವುದು. ತಾಮ್ರದ ತಂತಿಯನ್ನೇ ಬಿಟ್ಟವರಿಗೆ ಅದು ಬೇಗನೆ ಹಸುರುಗಟ್ಟಿ ಕಡಿದುಹೋಗುವುದು. ತಿಂಗಳಿಗೊಮ್ಮೆ ಕಡ್ಡಿಗಳನ್ನು ತೆಗೆದು ಹುಣಿಸೆಹಣ್ಣಿನಿಂದ ಉಜ್ಜಿ, ತಿರುಗಿ ಇಡುವುದಕ್ಕೆ ಮೊದಲು ಒಂದು ಚೊಂಬು ನೀರಿನಲ್ಲಿ ಅದ್ದಿ ನೋಡತಕ್ಕದ್ದು. ರಿಲೇಯು ಟಕ್ಕೆಂದು ಸದ್ದುಮಾಡಿದರೆ ಸಲಕರಣೆಯು ಸರಿಯಾಗಿದೆ. ಮಾಡದಿದ್ದರೆ ಮೊದಲು ಅಡಾಪ್ಟರನ್ನೂ, ಆಮೇಲೆ ಕಡ್ಡಿಗಳ ತಂತಿಯನ್ನೂ, ಕಡೆಗೆ ಟ್ರಾನ್ಸಿಸ್ಟರುಗಳನ್ನೂ ಪರೀಕ್ಷಿಸಬೇಕು.